ಕಲ್ಲಿನ ಮಗ್ಗುಲು

ನಮ್ಮ ದಲ್ಸೊಮ್‌ಗೂ ಆಚೆಯ ದೊಡ್ಡ ದ್ವೀಪಕ್ಕೂ ನಡುವೆ
ದಿನಕ್ಕೆರಡು ಸಲ ಕಡಲು,
ದಿನಕ್ಕೆರಡು ಸಲ ಕೆಸರು.
ಕೆಸರಿನ ಮೇಲೆ ಇನ್ನೂರ ಎಂಬತ್ತು ಕಲ್ಲು,
ಒಂದರಿಂದ ಇನ್ನೊಂದಕ್ಕೆ ಒಂದು ಹೆಜ್ಜೆ.
ಯಾರ ಹೆಜ್ಜೆ ಎಂದು ಕೇಳಬೇಡಿ.
ಇಟ್ಟವನು ಉದ್ದಕಾಲಿನವನಿರಬೇಕು,
ನಾವು ಹೆಂಗಸರು ಅಂದಿನಿಂದ ಹಾರಿಕೊಂಡೇ ದಾಟುತ್ತಿದ್ದೇವೆ.

ನಾನು ದಾಟಿ ಬಂದದ್ದು ಮದುವೆಯ ದಿನ.
ರಬ್ಬರಿನ ಮೆಟ್ಟು ಕೈಯಲ್ಲಿ, ಲಂಗದ ಅಂಚು ಹಲ್ಲಲ್ಲಿ,
ಹಿಂದೆ ಪೆಟ್ಟಿಗೆ ಹೊತ್ತ ಸೋದರಮಾವ
"ಬೇಗ ಬೇಗ, ನೀರು ಹೊರಟಿದೆ" ಎನ್ನುತ್ತ.
ನೂರ ಎಪ್ಪತ್ತನೆಯದರ ಮೇಲೆ ಜಾರಿದೆ.
ಈ ಊರು ನನ್ನ ಮುಖಕ್ಕಿಂತ ಮೊದಲು ನೋಡಿದ್ದು
ಕೆಸರು ಮೆತ್ತಿದ ನನ್ನ ಬೆನ್ನು.
ಎಲ್ಲರೂ ನಕ್ಕರು. ನಗದವಳು ಮಾಲ್ಸೂನ್ ಒಬ್ಬಳೇ:
"ಯಾರ ಮನೆಯ ಕಲ್ಲು ಅದು? ಈ ವರ್ಷ ಮಗುಚಿಲ್ಲ."

ಮಾಲ್ಸೂನ್ ಎಂದರೆ ಕೊನೆಯ ಹೆಣ್ಣು.
ಇನ್ನು ಸಾಕು ಎಂದು ಇಟ್ಟ ಹೆಸರು.
ಆಮೇಲೆ ಇಬ್ಬರು ಹುಟ್ಟಿದರು, ಇಬ್ಬರೂ ಹೆಣ್ಣೇ.

ಕಲ್ಲಿಗೆ ಪಾಚಿ ಹಿಡಿಯುತ್ತದೆ, ಅಷ್ಟೇ ವಿಷಯ.
ಚಳಿ ಮುರಿದ ಮೇಲಿನ ಹುಣ್ಣಿಮೆ ಕಳೆದು
ನೀರು ಕಣ್ಣಿಗೆ ಕಾಣದಷ್ಟು ದೂರ ಸರಿದಾಗ
ಮನೆಗಿಷ್ಟು ಎಂದು ಹಂಚಿಕೊಂಡ ಕಲ್ಲುಗಳನ್ನು
ಹಾರೆ ಹಾಕಿ ಮೀಟಿ ಹೊರಳಿಸಬೇಕು,
ಜಾರುವ ಮುಖ ಕೆಸರಿಗೆ, ಒರಟು ಮುಖ ಬಿಸಿಲಿಗೆ.
ಕೆಳಗೆ ಕತ್ತಲಲ್ಲಿ ಪಾಚಿ ಸಾಯುತ್ತದೆ.
ಮೇಲೆ ಇನ್ನೊಂದು, ಅವಸರವಿಲ್ಲದೆ, ಶುರುವಾಗುತ್ತದೆ.

"ಎಳೆಯಬೇಡ" ಎಂದು ಗದರುತ್ತಾಳೆ ಮಾಲ್ಸೂನ್,
"ಮೊದಲು ಭುಜದಡಿ ಕೈ ಕೊಡು, ಆಮೇಲೆ ಸೊಂಟ."
ಕಲ್ಲಿಗೆಲ್ಲಿಯ ಭುಜ, ನಾನು ಕೇಳಲಿಲ್ಲ.
ಹಾಸಿಗೆ ಹಿಡಿದ ಅತ್ತೆಯನ್ನು ಒಂಬತ್ತು ವರ್ಷ
ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದ ಕೈ ಅದು.
ಬೆನ್ನಲ್ಲೊಂದು ಹುಣ್ಣಿಲ್ಲದೆ ಹೋದಳು ಮುದುಕಿ,
ಕೊನೆಯ ಉಸಿರಿನ ತನಕ ಸೊಸೆಯನ್ನು ಬೈಯುತ್ತ.

ಈಗ ಪಕ್ಕದಲ್ಲೇ ಕಾಂಕ್ರೀಟು ರಸ್ತೆ.
ಮೀನಿನ ಲಾರಿ, ಅಂಚೆಯ ಬೈಕು, ಗ್ಯಾಸು ಸಿಲಿಂಡರು
ಎಲ್ಲ ಅದರ ಮೇಲೆ, ಗಡಿಯಾರ ನೋಡದೆ.
ಮೊನ್ನೆ ಕಚೇರಿಯ ಹುಡುಗ ತೇಸಿಕ್ ಬಂದ,
ಕೈಯಲ್ಲಿ ಕಾಗದ, ಕಾಲಲ್ಲಿ ಬಿಳಿ ಬೂಟು.
ಈ ವರ್ಷ ಮಗುಚಬೇಡಿ ಅಜ್ಜಿ, ಎಂದ,
ಹಸಿರಿದ್ದರೆ ಫೋಟೋದಲ್ಲಿ ಚಂದ ಬರುತ್ತದೆ,
ಪ್ರವಾಸಿಗಳು ಬರುತ್ತಾರೆ.

"ಚಂದವೇ" ಎಂದಳು ಮಾಲ್ಸೂನ್, "ಹತ್ತಿ ನಿಲ್ಲು, ನೋಡೋಣ."

ನಿಂತ.
ನಾನು ನಗಬಾರದಿತ್ತು, ನಕ್ಕೆ.
ನಲವತ್ತು ವರ್ಷದಿಂದ ಕೂಡಿಟ್ಟ ನಗು ಅದು.

ಅವನ ಪ್ಯಾಂಟು ನಮ್ಮ ತಂತಿಯ ಮೇಲೆ ಒಣಗುವಷ್ಟು ಹೊತ್ತು
ನನ್ನ ಗಂಡನ ಹಳೆಯ ಚಡ್ಡಿ ತೊಟ್ಟು
ಕಲ್ಲು ಮೀಟಿದ, ಮುಚ್ಚಿದ ಮನೆಯೊಂದರ ಪಾಲಿನವು.
ಮೂರನೆಯದರ ಕೆಳಗೆ ಅಂಗೈಯಗಲದ ಆಕ್ಟೋಪಸ್,
ಬೆಳಕಿಗೆ ಬೂದಿ ಬಣ್ಣ ತಿರುಗಿತು.
ಮಾಲ್ಸೂನ್ ಮಾತು ನಿಲ್ಲಿಸದೆ ಅದನ್ನೆತ್ತಿ
ಉಡಿಗೆ ಹಾಕಿಕೊಂಡಳು.
ಹುಡುಗ ಕಲ್ಲಿನಡಿಯ ಕುಳಿಯನ್ನೇ ನೋಡುತ್ತಿದ್ದ.
ಕುಳಿ ಆಗಲೇ ತೇವ ತುಂಬಿಕೊಳ್ಳುತ್ತಿತ್ತು.

ನೀರು ಬರುವಾಗ ಅಲೆಯಿರುವುದಿಲ್ಲ ಇಲ್ಲಿ.
ಏಡಿಯ ಸಾವಿರ ತೂತುಗಳಲ್ಲಿ ಗಾಳಿ ಒಡೆದು
ದೂರದ ಒಲೆಯಲ್ಲಿ ಅನ್ನ ಕುದಿಯುವ ಸದ್ದು.
ಆಮೇಲೆ ಕೆಸರು ಹೊಳೆಯುತ್ತದೆ,
ಆಮೇಲೆ ಕೆಸರಿಲ್ಲ.
ಕಲ್ಲುಗಳು ಒಂದೊಂದಾಗಿ ಮುಳುಗಿದವು,
ಮಗುಚಿದ್ದೂ ಮಗುಚದ್ದೂ. ನೀರಿಗೆ ಭೇದವಿಲ್ಲ.

ರಾತ್ರಿ ಸೊಂಟ ಹಿಡಿದು ನಿದ್ದೆ ಬಾರದೆ
ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ.
"ಎಷ್ಟು ಉಳಿಯಿತು?" ಕತ್ತಲಲ್ಲಿ ಕೇಳಿದ ಗಂಡ.
ನಲವತ್ತೊಂದು.
ನಾಳೆ ಇಳಿತ ಮುಕ್ಕಾಲು ಗಂಟೆ ತಡ,
ಗಂಜಿ ಕುಡಿದೇ ಹೋಗಬಹುದು.